ಗ್ರಹ ಕಾಣಲ್ಲ, ಆದ್ರೂ ಸಿಗತ್ತೆ: ನಕ್ಷತ್ರದ ಓಲಾಟ ಅಳೆಯೋ ಸ್ಪೆಕ್ಟ್ರೋಗ್ರಾಫ್

"ಭೂಮಿಯಂಥದೇ ಇನ್ನೊಂದು ಗ್ರಹ ಪತ್ತೆ!" ಅಂತ ಆಗಾಗ ಸುದ್ದಿ ಬರತ್ತಲ್ಲ, ಜೊತೆಗೆ ನೀಲಿ ಸಮುದ್ರ, ತೆಳು ಮೋಡ, ಆಕಾಶದಲ್ಲಿ ದೊಡ್ಡ ಕೆಂಪು ಸೂರ್ಯ ಇರೋ ಒಂದು ಚಿತ್ರನೂ ಹಾಕಿರ್ತಾರೆ, ನೋಡಿದವರು ಓಹೋ ಇದು ಟೆಲಿಸ್ಕೋಪ್‌ನಲ್ಲಿ ತೆಗೆದ ಫೋಟೋ ಅಂದ್ಕೊಂಡುಬಿಡ್ತಾರೆ. ಅಲ್ಲ. ಅದು ಕಲಾವಿದರು ಕೂತು ಬರೆದದ್ದು. ಗ್ರಹ ಹುಡುಕಿದವರ ಕೈಯಲ್ಲಿ ಬಹಳಷ್ಟು ಸಲ ಇರೋದು ಒಂದು ಗ್ರಾಫ್ ಮಾತ್ರ, ಅದರ ಮೇಲೆ ಏರಿ ಇಳಿಯೋ ಒಂದಷ್ಟು ಚುಕ್ಕಿಗಳು. ಗ್ರಹನ ಅವರೂ ನೋಡಿರಲ್ಲ.

2025ರ ಸೆಪ್ಟೆಂಬರ್‌ನಲ್ಲಿ ನಾಸಾದ ಪಟ್ಟಿಯಲ್ಲಿ ಹೀಗೆ ಬೇರೆ ನಕ್ಷತ್ರಗಳನ್ನ ಸುತ್ತೋ ಗ್ರಹಗಳ ಲೆಕ್ಕ 6000 ದಾಟ್ತು. ಇವಕ್ಕೆ ಹೊರಗ್ರಹ ಅಥವಾ ಎಕ್ಸೋಪ್ಲಾನೆಟ್ ಅಂತಾರೆ. ಇವುಗಳಲ್ಲಿ ಹೆಚ್ಚಿನವು ಸಿಕ್ಕಿದ್ದು ಗ್ರಹ ತನ್ನ ನಕ್ಷತ್ರದ ಮುಂದೆ ಹಾದು ಹೋಗುವಾಗ ಬೆಳಕು ಒಂಚೂರು ಮಂಕಾಗೋದನ್ನ ಹಿಡಿದು. ಸಾವಿರಕ್ಕೂ ಹೆಚ್ಚು ಸಿಕ್ಕಿದ್ದು ಇನ್ನೊಂದು ದಾರೀಲಿ: ಗ್ರಹದ ಸೆಳೆತಕ್ಕೆ ನಕ್ಷತ್ರ ಎಷ್ಟು ಓಲಾಡ್ತಿದೆ ಅಂತ ಅಳೆದು. ಈ ಎರಡನೇ ದಾರಿಗೆ ಬೇಕಾಗೋ, ಬೆಳಕನ್ನ ಬಣ್ಣಬಣ್ಣವಾಗಿ ಬಿಡಿಸಿ ದಾಖಲಿಸೋ ಯಂತ್ರವೇ ಸ್ಪೆಕ್ಟ್ರೋಗ್ರಾಫ್.

ನೇರವಾಗಿ ಯಾಕೆ ನೋಡಕ್ಕಾಗಲ್ಲ?

ಗ್ರಹಕ್ಕೆ ಸ್ವಂತ ಬೆಳಕಿಲ್ಲ, ನಕ್ಷತ್ರದ ಬೆಳಕನ್ನೇ ಸ್ವಲ್ಪ ವಾಪಸ್ ಎಸೆಯತ್ತೆ ಅಷ್ಟೇ. ದೂರದಿಂದ ಯಾರಾದ್ರೂ ನಮ್ಮ ಕಡೆ ನೋಡಿದ್ರೆ ಸೂರ್ಯ ಭೂಮಿಗಿಂತ ಸುಮಾರು ಸಾವಿರ ಕೋಟಿ ಪಟ್ಟು ಪ್ರಖರವಾಗಿ ಕಾಣ್ತಾನೆ, ಮತ್ತೆ ಅಷ್ಟು ದೂರದಿಂದ ಎರಡೂ ಒಂದಕ್ಕೊಂದು ಅಂಟಿಕೊಂಡ ಹಾಗೇ ಇರತ್ತೆ. ಉರಿಯೋ ಸರ್ಚ್‌ಲೈಟ್ ಪಕ್ಕದಲ್ಲಿ ಕೂತ ಸೊಳ್ಳೆನ ಹತ್ತಾರು ಕಿಲೋಮೀಟರ್ ಆಚೆಯಿಂದ ನೋಡಕ್ಕೆ ಹೋದ ಹಾಗೆ. ನಕ್ಷತ್ರದಿಂದ ದೂರ ಇರೋ, ಇನ್ನೂ ಬಿಸಿ ಆರದ ದೈತ್ಯ ಗ್ರಹಗಳ ನಿಜವಾದ ಫೋಟೋ ಕೆಲವು ಇವೆ, ಆದ್ರೆ ಅವು ತೀರಾ ಕಮ್ಮಿ.

ಹಾಗಾಗಿ ಗ್ರಹದ ಬದಲು ನಕ್ಷತ್ರನ ನೋಡೋದು.

ಸುತ್ತೋದು ಗ್ರಹ ಒಂದೇ ಅಲ್ಲ

ಸ್ಕೂಲಲ್ಲಿ ನಾವು ಕಲ್ತಿದ್ದು ಸೂರ್ಯ ನಡುವೆ ನಿಂತಿರ್ತಾನೆ, ಗ್ರಹಗಳು ಸುತ್ತತ್ವೆ ಅಂತ. ಪೂರ್ತಿ ಸರಿಯಲ್ಲ ಅದು. ಗುರುತ್ವ ಎರಡೂ ಕಡೆಯಿಂದ ಎಳೆಯತ್ತೆ. ದೊಡ್ಡವರು ಒಂದು ಚಿಕ್ಕ ಮಗು ಕೈ ಹಿಡ್ಕೊಂಡು ಗಿರಗಿರ ಸುತ್ತಿಸುವಾಗ ನೋಡಿ, ಮಗು ದೊಡ್ಡ ವೃತ್ತದಲ್ಲಿ ಹಾರ್ತಿರತ್ತೆ, ಸುತ್ತಿಸೋರು ಒಂದೇ ಕಡೆ ನಿಂತ ಹಾಗೆ ಕಂಡ್ರೂ ಹಿಂದಕ್ಕೆ ವಾಲಿಕೊಂಡು ಸಣ್ಣ ವೃತ್ತದಲ್ಲಿ ಕಾಲು ಸರಿಸ್ತಾನೇ ಇರ್ತಾರೆ. ಮಗು ಕತ್ತಲಲ್ಲಿದ್ದು ಕಾಣದೇ ಹೋದ್ರೂ ಆ ಕಾಲಾಟ ನೋಡಿದ್ರೆ ಸಾಕು, ಕೈಯಲ್ಲಿ ಯಾರೋ ಇದ್ದಾರೆ ಅಂತ ಗೊತ್ತಾಗತ್ತೆ, ಎಷ್ಟು ಭಾರ ಅಂತಾನೂ ಅಂದಾಜು ಸಿಗತ್ತೆ.

ನಕ್ಷತ್ರದ್ದೂ ಅಷ್ಟೇ. ಗುರು ಗ್ರಹದ ಎಳೆತಕ್ಕೆ ನಮ್ಮ ಸೂರ್ಯ ಸೆಕೆಂಡಿಗೆ ಸುಮಾರು 12.5 ಮೀಟರ್ ವೇಗದಲ್ಲಿ ಓಲಾಡ್ತಾನೆ, ಅಂದ್ರೆ ಗಂಟೆಗೆ 45 ಕಿ.ಮೀ., ಒಂದು ಸುತ್ತು ಮುಗಿಯಕ್ಕೆ ಹತ್ತಿರ ಹತ್ತಿರ 12 ವರ್ಷ. ಭೂಮಿಯ ಎಳೆತಕ್ಕೆ? ಸೆಕೆಂಡಿಗೆ 9 ಸೆಂಟಿಮೀಟರ್. ಆಮೆ ನಡಿಗೆ! ಅಷ್ಟು ದೊಡ್ಡ ಸೂರ್ಯ ವರ್ಷಕ್ಕೊಂದು ಸಲ ಆಮೆ ವೇಗದಲ್ಲಿ ಅತ್ತ ಹೋಗಿ ಇತ್ತ ಬರೋದನ್ನ ಎಷ್ಟೋ ಬೆಳಕಿನ ವರ್ಷ ದೂರದಿಂದ ಹಿಡೀಬೇಕು. ಈ 9 ಸೆಂಟಿಮೀಟರ್ ಅನ್ನೋ ನಂಬರ್ ನೆನಪಲ್ಲಿ ಇಟ್ಕೊಳ್ಳಿ, ಮುಂದೆ ಪದೇ ಪದೇ ಬರತ್ತೆ.

ಬೆಳಕಿನೊಳಗಿನ ಬಾರ್‌ಕೋಡ್

ಅಷ್ಟು ದೂರದ ನಕ್ಷತ್ರದ ವೇಗ ಅಳೆಯೋದು ಹೇಗೆ? ಅದರ ಬೆಳಕನ್ನ ಬಣ್ಣಬಣ್ಣವಾಗಿ ಬಿಡಿಸಿ ಹರಡಿದ್ರೆ ಕಾಮನಬಿಲ್ಲಿನ ಪಟ್ಟಿ ಸಿಗತ್ತೆ, ಇದನ್ನೇ ವರ್ಣಪಟಲ, ರೋಹಿತ, ಸ್ಪೆಕ್ಟ್ರಮ್ ಅಂತೆಲ್ಲ ಕರೆಯೋದು. 1814ರಲ್ಲಿ ಜರ್ಮನಿಯ ಫ್ರಾನ್‌ಹೋಫರ್ ಸೂರ್ಯನ ಬೆಳಕನ್ನ ಹೀಗೆ ಹರಡಿ ನೋಡಿದಾಗ ಆ ಪಟ್ಟಿಯ ಅಡ್ಡಕ್ಕೆ ನೂರಾರು ಸಣ್ಣ ಕಪ್ಪು ಗೆರೆಗಳು ಕಂಡ್ವು. ನಕ್ಷತ್ರದ ಹೊರಪದರದಲ್ಲಿರೋ ಕಬ್ಬಿಣ, ಸೋಡಿಯಂ, ಕ್ಯಾಲ್ಸಿಯಂ ಥರದ ಪರಮಾಣುಗಳು ತಮಗೆ ಬೇಕಾದ ಬಣ್ಣನ ಮಾತ್ರ ನುಂಗಿಬಿಡತ್ವೆ, ನುಂಗಿದ ಜಾಗ ಕಪ್ಪಾಗಿ ಕಾಣತ್ತೆ. ಸಾಮಾನಿನ ಮೇಲಿರೋ ಬಾರ್‌ಕೋಡ್ ಇದ್ದ ಹಾಗೆ ಅಂದ್ಕೊಳ್ಳಿ. ಯಾವ ಗೆರೆ ಎಲ್ಲಿರಬೇಕು ಅನ್ನೋದು ಲ್ಯಾಬಲ್ಲಿ ಅಳೆದು ಗೊತ್ತಿರೋದೇ.

ಈಗ ಡಾಪ್ಲರ್ ಪರಿಣಾಮ ಬರತ್ತೆ. ಹಾರ್ನ್ ಹೊಡ್ಕೊಂಡು ಬರೋ ರೈಲು ನಮ್ಮನ್ನ ದಾಟಿದ ತಕ್ಷಣ ಹಾರ್ನ್‌ನ ಸ್ವರ ಇಳಿದುಬಿಡತ್ತೆ, ಕೇಳಿರ್ತೀರಿ. ಕ್ರಿಶ್ಚಿಯನ್ ಡಾಪ್ಲರ್ ಈ ಲೆಕ್ಕ ಹೇಳಿದ್ದು 1842ರಲ್ಲಿ. ನಿಜಾನಾ ಅಂತ ನೋಡಕ್ಕೆ 1845ರಲ್ಲಿ ನೆದರ್‌ಲ್ಯಾಂಡ್ಸ್‌ನ ಬೈಸ್ ಬ್ಯಾಲಟ್ ಅನ್ನೋ ವಿಜ್ಞಾನಿ ಕಹಳೆ ಊದೋರನ್ನ ರೈಲು ಹತ್ತಿಸಿ, ಸ್ವರಜ್ಞಾನ ಇರೋರನ್ನ ಹಳಿ ಪಕ್ಕ ನಿಲ್ಲಿಸಿ ಪರೀಕ್ಷೆ ಮಾಡಿದ್ರು (ಭೌತಶಾಸ್ತ್ರದಲ್ಲಿ ನನಗೆ ತುಂಬ ಇಷ್ಟವಾದ ಪ್ರಯೋಗ ಇದು). ಬೆಳಕಿಗೂ ಇದೇ ನಿಯಮ. ನಕ್ಷತ್ರ ನಮ್ಮ ಕಡೆ ಬರ್ತಿದ್ರೆ ಆ ಬಾರ್‌ಕೋಡ್ ಪೂರ್ತಿ ನೀಲಿ ಕಡೆ ಒಂಚೂರು ಸರಿಯತ್ತೆ, ದೂರ ಹೋಗ್ತಿದ್ರೆ ಕೆಂಪು ಕಡೆ. ಗೆರೆಗಳು ನಾಲ್ಕು ದಿನಕ್ಕೊಂದು ಸಲ ನೀಲಿಗೆ ಹೋಗಿ ಕೆಂಪಿಗೆ ಬಂದು ಮತ್ತೆ ನೀಲಿಗೆ ಹೋಗ್ತಾ ಇದ್ರೆ, ಆ ನಕ್ಷತ್ರನ ನಾಲ್ಕು ದಿನಕ್ಕೊಂದು ಸುತ್ತು ಯಾವುದೋ ಎಳೆದಾಡ್ತಿದೆ ಅಂತ ಅರ್ಥ.

ಇಷ್ಟೇ ತತ್ವ. ಕಷ್ಟ ಇರೋದು ಆ "ಒಂಚೂರು" ಅನ್ನೋದ್ರಲ್ಲಿ.

ಒಂದು ಪಿಕ್ಸೆಲ್‌ನ ಸಾವಿರದಲ್ಲಿ ಒಂದು ಪಾಲು

ಚಿಲಿ ದೇಶದ ಲಾ ಸಿಯ್ಯಾ ಬೆಟ್ಟದ ಮೇಲೆ 3.6 ಮೀಟರ್ ಟೆಲಿಸ್ಕೋಪ್‌ಗೆ ಹಾರ್ಪ್ಸ್ ಅನ್ನೋ ಸ್ಪೆಕ್ಟ್ರೋಗ್ರಾಫ್ ಇದೆ, 2003ರಿಂದ ಕೆಲಸ ಮಾಡ್ತಿದೆ, ಸೆಕೆಂಡಿಗೆ 1 ಮೀಟರ್ ವೇಗದ ವ್ಯತ್ಯಾಸ ಹಿಡಿಯತ್ತೆ. ಅದರ ಕ್ಯಾಮೆರಾದ ಒಂದು ಪಿಕ್ಸೆಲ್ ಅಗಲ 15 ಮೈಕ್ರಾನ್, ಕೂದಲಿಗಿಂತ ಎಷ್ಟೋ ಸಣ್ಣದು. ನಕ್ಷತ್ರದ ವೇಗ 1 ಮೀಟರ್ ಬದಲಾದ್ರೆ ಕಪ್ಪು ಗೆರೆ ಆ ಪಿಕ್ಸೆಲ್ ಮೇಲೆ ಸರಿಯೋದು ಅದರ ಸಾವಿರದಲ್ಲಿ ಒಂದು ಪಾಲು, ಅಂದ್ರೆ ಸುಮಾರು 15 ನ್ಯಾನೋಮೀಟರ್. ಭೂಮಿಯಂಥ ಗ್ರಹದ 9 ಸೆಂಟಿಮೀಟರ್‌ಗೆ ಲೆಕ್ಕ ಹಾಕಿದ್ರೆ ಒಂದೂವರೆ ನ್ಯಾನೋಮೀಟರೂ ಆಗಲ್ಲ, ಕ್ಯಾಮೆರಾ ಚಿಪ್‌ನಲ್ಲಿರೋ ಸಿಲಿಕಾನ್ ಪರಮಾಣುಗಳನ್ನ ಸಾಲಾಗಿ ಇಟ್ರೆ ಐದಾರು ಪರಮಾಣು ದೂರ ಅಷ್ಟೇ.

ಇಷ್ಟು ಸಣ್ಣದನ್ನ ಅಳೆಯುವಾಗ ಯಂತ್ರ ತಾನೇ ಅಲುಗಾಡಿದ್ರೆ ಮುಗೀತು. ಒಳಗಿನ ಉಷ್ಣತೆ ಒಂದು ಡಿಗ್ರಿಯ ನೂರನೇ ಒಂದು ಪಾಲು ಏರುಪೇರಾದ್ರೂ ಗೆರೆಗಳು ಸೆಕೆಂಡಿಗೆ 1 ಮೀಟರ್‌ನಷ್ಟು ಸರಿದ ಹಾಗೆ ಕಾಣತ್ತೆ, ಇಲ್ಲದ ಗ್ರಹ ಇದ್ದ ಹಾಗಾಗತ್ತೆ. ಅದಕ್ಕೇ ಹಾರ್ಪ್ಸ್‌ನ ಟೆಲಿಸ್ಕೋಪ್ ಮೇಲೆ ಕೂರಿಸಿಲ್ಲ, ಬೇರೆ ಕೋಣೆಯಲ್ಲಿ ಗಾಳಿ ತೆಗೆದ ದೊಡ್ಡ ಉಕ್ಕಿನ ಟ್ಯಾಂಕ್ ಒಳಗೆ ಮುಚ್ಚಿಟ್ಟಿದ್ದಾರೆ. ಸುಮ್ಮನೆ ಒಳಗೆ ಹೋಗಿ ಬಂದು ಮಾಡಂಗಿಲ್ಲ, ಮನುಷ್ಯನ ಮೈ ಬಿಸಿಯೇ ಸಾಕು ಲೆಕ್ಕ ಕೆಡಿಸಕ್ಕೆ.

ಹಾಗಾದ್ರೆ ಬೆಳಕು ಅಲ್ಲಿಗೆ ಹೋಗೋದು ಹೇಗೆ? ಆಪ್ಟಿಕಲ್ ಫೈಬರ್ ಮೂಲಕ, ಇಂಟರ್ನೆಟ್ ಕೇಬಲ್‌ನಲ್ಲಿ ಇರೋ ಅಂಥದೇ ಗಾಜಿನ ಎಳೆ. ಇದರಿಂದ ಇನ್ನೊಂದು ಉಪಯೋಗನೂ ಇದೆ. ವಾತಾವರಣದ ಅಲುಗಾಟಕ್ಕೆ ನಕ್ಷತ್ರದ ಬಿಂಬ ಆಚೀಚೆ ಕುಣೀತಿರತ್ತೆ, ಆ ಕುಣಿತ ಹಾಗೇ ಒಳಗೆ ಹೋದ್ರೆ ಗೆರೆ ಸರಿದ ಹಾಗೆ ಮೋಸ ಮಾಡತ್ತೆ, ಫೈಬರ್ ಒಳಗೆ ಬೆಳಕು ಗೋಡೆಗೆ ಬಡಿದು ಬಡಿದು ಕಲಸಿಹೋಗೋದ್ರಿಂದ ಆ ಕುಣಿತ ಬಹುಪಾಲು ಅಳಿಸಿಹೋಗತ್ತೆ. ದುಂಡಗಿನ ಎಳೆಗಿಂತ ಎಂಟು ಮೂಲೆಯ ಎಳೆ ಇನ್ನೂ ಚೆನ್ನಾಗಿ ಕಲಸತ್ತೆ ಅಂತ ಆಮೇಲೆ ಗೊತ್ತಾಯ್ತು, ಈಗಿನ ಯಂತ್ರಗಳಲ್ಲಿ ಅದನ್ನೇ ಹಾಕ್ತಾರೆ.

ಟ್ಯಾಂಕ್ ಒಳಗೆ ಎಶೆಲ್ ಗ್ರೇಟಿಂಗ್ ಅನ್ನೋ, ಸಣ್ಣ ಸಣ್ಣ ಮೆಟ್ಟಿಲಿನ ಥರ ಗೀರು ಕೊರೆದ ಕನ್ನಡಿ ಇರತ್ತೆ. ಸಿಡಿ ಹಿಂಭಾಗದಲ್ಲಿ ಕಾಮನಬಿಲ್ಲು ಕಾಣೋದೂ ಇದೇ ಕಾರಣಕ್ಕೆ. ಅದು ಬೆಳಕನ್ನ ತುಂಬಾ ಉದ್ದಕ್ಕೆ ಹರಡತ್ತೆ, ಆ ಉದ್ದ ಪಟ್ಟಿ ಒಂದೇ ಚಿಪ್‌ನಲ್ಲಿ ಹಿಡಿಯಲ್ಲ, ಹಾಗಾಗಿ ಪುಸ್ತಕದ ಸಾಲುಗಳ ಹಾಗೆ ತುಂಡು ಮಾಡಿ ಒಂದರ ಕೆಳಗೊಂದು ಜೋಡಿಸ್ತಾರೆ.

ಅಳತೆಪಟ್ಟಿ ಯಾವುದು?

ಗೆರೆ ಸರೀತು ಅನ್ನಬೇಕಾದ್ರೆ ಯಾವುದಕ್ಕೆ ಹೋಲಿಸಿ ಸರೀತು ಅಂತ ಹೇಳಬೇಕಲ್ಲ, ಸರಿಯದೇ ಇರೋ ಒಂದು ಸ್ಕೇಲ್ ಬೇಕು. 1980ರ ದಶಕದಲ್ಲಿ ಕೆನಡಾದ ಬ್ರೂಸ್ ಕ್ಯಾಂಪ್‌ಬೆಲ್, ಗಾರ್ಡನ್ ವಾಕರ್ ಮತ್ತವರ ಜೊತೆಗಾರರು ಹವಾಯಿಯ ಟೆಲಿಸ್ಕೋಪ್‌ನಲ್ಲಿ ನಕ್ಷತ್ರದ ಬೆಳಕನ್ನ ಹೈಡ್ರೋಜನ್ ಫ್ಲೋರೈಡ್ ಅನಿಲ ತುಂಬಿದ ಡಬ್ಬಿ ಮೂಲಕ ಹಾಯಿಸ್ತಿದ್ರು, ಆ ಅನಿಲ ಬೆಳಕಿನ ಮೇಲೆ ತನ್ನದೇ ಗೆರೆ ಬಿಡತ್ತೆ, ಅದೇ ಸ್ಕೇಲ್. ಒಂದೇ ತೊಂದರೆ ಅಂದ್ರೆ ಅದು ಘೋರ ವಿಷ. ಅಂಥದ್ದನ್ನ ಪಕ್ಕದಲ್ಲಿಟ್ಕೊಂಡು 12 ವರ್ಷ 21 ನಕ್ಷತ್ರ ನೋಡಿದ್ರೂ ಗುರುವಿನಂಥ ಗ್ರಹ ಇದೆ ಅಂತ ಗಟ್ಟಿಯಾಗಿ ಹೇಳೋ ಹಾಗೆ ಒಂದೂ ಸಿಗಲಿಲ್ಲ, ಪಾಪ. ಅಮೆರಿಕದ ಜೆಫ್ರಿ ಮಾರ್ಸಿ ಮತ್ತು ಪಾಲ್ ಬಟ್ಲರ್ ವಿಷದ ಬದಲು ಅಯೋಡಿನ್ ಆವಿ ಹಾಕಿದ್ರು, ಅದು ಚೆನ್ನಾಗಿ ಕುದುರ್ತು.

ಹಾರ್ಪ್ಸ್ ಥರದ ಯಂತ್ರದಲ್ಲಿ ದಾರಿ ಬೇರೆ: ಒಂದು ಫೈಬರ್‌ನಲ್ಲಿ ನಕ್ಷತ್ರದ ಬೆಳಕು, ಪಕ್ಕದ ಫೈಬರ್‌ನಲ್ಲಿ ಥೋರಿಯಂ-ಆರ್ಗಾನ್ ದೀಪದ ಬೆಳಕು, ಎರಡೂ ಒಟ್ಟೊಟ್ಟಿಗೆ ರೆಕಾರ್ಡ್ ಆಗತ್ತೆ, ಯಂತ್ರ ಅಲುಗಾಡಿದ್ರೆ ಎರಡೂ ಒಟ್ಟಿಗೇ ಅಲುಗಾಡೋದ್ರಿಂದ ಕಳೆದುಬಿಡಬಹುದು. ಆದ್ರೆ ದೀಪಕ್ಕೂ ವಯಸ್ಸಾಗತ್ತೆ, ಗೆರೆಗಳು ಹೇಗೆಂದ್ರೆ ಹಾಗೆ ಚದುರಿರತ್ವೆ. ಈಗ ಬಂದಿರೋದು ಲೇಸರ್ ಫ್ರೀಕ್ವೆನ್ಸಿ ಕೋಂಬ್. ಹೆಸರೇ ಹೇಳೋ ಹಾಗೆ ಬೆಳಕಿನ ಬಾಚಣಿಗೆ, ಸಾವಿರಾರು ಹಲ್ಲು, ಎಲ್ಲ ಒಂದೇ ಅಂತರದಲ್ಲಿ, ಆ ಅಂತರ ಪರಮಾಣು ಗಡಿಯಾರಕ್ಕೆ ಕಟ್ಟಿರೋದು. ಇದನ್ನ ಬೆಳೆಸಿದ್ದಕ್ಕೆ ಜಾನ್ ಹಾಲ್ ಮತ್ತು ಥಿಯೋಡೋರ್ ಹೆನ್ಶ್ ಅವರಿಗೆ 2005ರ ನೊಬೆಲ್‌ನಲ್ಲಿ ಪಾಲು ಸಿಕ್ತು.

ಇನ್ನು ಒಂದೇ ಗೆರೆ ನಂಬ್ಕೊಂಡು ಕೂರಲ್ಲ. ಸಾವಿರಾರು ಗೆರೆಗಳನ್ನ ಒಟ್ಟಿಗೆ ಒಂದು ಅಚ್ಚಿನ ಜೊತೆ ಹೊಂದಿಸಿ ನೋಡಿ ಸರಾಸರಿ ತೆಗೀತಾರೆ, ಪಿಕ್ಸೆಲ್‌ನ ಸಾವಿರದ ಒಂದು ಪಾಲು ಕೈಗೆ ಸಿಗೋದೇ ಹೀಗೆ. ಇದಕ್ಕೆ ಬೆಳಕಿನ ಕಣಗಳು ರಾಶಿ ರಾಶಿ ಬೇಕು, ದೊಡ್ಡ ಟೆಲಿಸ್ಕೋಪ್ ಬೇಕಾಗೋದು ಅದಕ್ಕೆ.

ಕೊನೆಗೆ ನಮ್ಮದೇ ಓಟ ಕಳೀಬೇಕು. ಭೂಮಿ ಸೂರ್ಯನ ಸುತ್ತ ಸೆಕೆಂಡಿಗೆ 30 ಕಿ.ಮೀ. ಓಡ್ತಿದೆ, ಜೊತೆಗೆ ತನ್ನ ಸುತ್ತ ತಾನೂ ತಿರುಗ್ತಿದೆ. 30,000 ಮೀಟರ್‌ನಲ್ಲಿ ಕೆಲವು ಸೆಂಟಿಮೀಟರೂ ತಪ್ಪದ ಹಾಗೆ ಲೆಕ್ಕ ಕಳೀಬೇಕು. ಎಷ್ಟು ಸೂಕ್ಷ್ಮ ಅಂದ್ರೆ, ಫೋಟೋ ತೆಗೆದ ಹೊತ್ತನ್ನ ಒಂದು ಸೆಕೆಂಡ್ ತಪ್ಪಾಗಿ ಬರ್ಕೊಂಡ್ರೂ ಭೂಮಿಯ ತಿರುಗಾಟದಿಂದಲೇ 2-3 ಸೆಂಟಿಮೀಟರ್ ವ್ಯತ್ಯಾಸ ಬಂದುಬಿಡಬಹುದು.

1995: ನಾಲ್ಕು ದಿನದ ವರ್ಷ

ಫ್ರಾನ್ಸಿನ ಓಟ್-ಪ್ರೊವಾನ್ಸ್ ವೀಕ್ಷಣಾಲಯದ 1.93 ಮೀಟರ್ ಟೆಲಿಸ್ಕೋಪ್‌ಗೆ ಎಲೋಡಿ ಅನ್ನೋ ಸ್ಪೆಕ್ಟ್ರೋಗ್ರಾಫ್ ಕೂರಿಸಿ ಜಿನೀವಾದ ಮಿಷೆಲ್ ಮೇಯರ್ ಮತ್ತು ಅವರ ಪಿಎಚ್‌ಡಿ ವಿದ್ಯಾರ್ಥಿ ಡಿಡಿಯೇ ಕೆಲೋ 1994ರಲ್ಲಿ ಹುಡುಕಾಟ ಶುರು ಮಾಡಿದ್ರು. ಸುಮಾರು 50 ಬೆಳಕಿನ ವರ್ಷ ದೂರದ 51 ಪೆಗಾಸಿ ಅನ್ನೋ ನಕ್ಷತ್ರ ಒಂದೊಂದು ರಾತ್ರಿ ಒಂದೊಂದು ವೇಗ ತೋರಿಸಕ್ಕೆ ಹತ್ತಿತು. ಕೆಲೋಗೆ ಮೊದಲು ಅನಿಸಿದ್ದು ಯಂತ್ರದಲ್ಲೇ ಏನೋ ಎಡವಟ್ಟಾಗಿದೆ ಅಂತ. ಯಾಕಂದ್ರೆ ಲೆಕ್ಕ ಹಾಕಿದಾಗ ಬಂದಿದ್ದು ಗುರುವಿನ ಅರ್ಧದಷ್ಟು ತೂಕದ ಗ್ರಹ, ಸುತ್ತೋದು 4.2 ದಿನಕ್ಕೊಂದು ಸಲ! ನಮ್ಮ ಗುರುವಿಗೆ 12 ವರ್ಷ ಬೇಕು, ದೈತ್ಯ ಗ್ರಹ ಅಂದ್ರೆ ದೂರದಲ್ಲೇ ಇರಬೇಕು ಅಂತ ಎಲ್ಲರೂ ನಂಬಿದ್ದ ಕಾಲ ಅದು.

ವಸಂತದ ಹೊತ್ತಿಗೆ ನಕ್ಷತ್ರ ಸೂರ್ಯನ ಹಿಂದೆ ಸರಿದು ಕಾಣದಾಯ್ತು. ಇಬ್ಬರೂ ಅವಸರ ಮಾಡದೆ, ಮತ್ತೆ ಕಂಡಾಗ ಯಾವ ರಾತ್ರಿ ಎಷ್ಟು ವೇಗ ಇರಬೇಕು ಅಂತ ಮೊದಲೇ ಲೆಕ್ಕ ಹಾಕಿ ಇಟ್ಕೊಂಡು ಕಾದ್ರು. ಜುಲೈನಲ್ಲಿ ಅಳೆದಾಗ ಲೆಕ್ಕ ಕರಾರುವಾಕ್ಕಾಗಿ ಕೂತಿತು. ಅಕ್ಟೋಬರ್‌ನಲ್ಲಿ ಫ್ಲಾರೆನ್ಸ್‌ನಲ್ಲಿ ಹೇಳಿದ್ರು, ಕೆಲವೇ ದಿನದಲ್ಲಿ ಮಾರ್ಸಿ ಮತ್ತು ಬಟ್ಲರ್ ತಾವೂ ಅಳೆದು ಹೌದು ಅಂದ್ರು. 2019ರ ಭೌತಶಾಸ್ತ್ರ ನೊಬೆಲ್‌ನ ಅರ್ಧ ಭಾಗ ಮೇಯರ್ ಮತ್ತು ಕೆಲೋಗೆ ಬಂತು.

ಇದರಲ್ಲೊಂದು ಸ್ವಾರಸ್ಯ ಇದೆ. ದೈತ್ಯ ಗ್ರಹ ನಕ್ಷತ್ರದ ತೀರಾ ಹತ್ತಿರವೂ ಇರಬಹುದು, ಇದ್ರೆ ಸ್ಪೆಕ್ಟ್ರೋಗ್ರಾಫ್‌ನಲ್ಲಿ ಹಿಡೀಬಹುದು ಅಂತ ಆಟೊ ಸ್ಟ್ರೂವ್ ಅನ್ನೋ ಖಗೋಳ ವಿಜ್ಞಾನಿ 1952ರಲ್ಲೇ ಒಂದು ಪುಟ್ಟ ಲೇಖನದಲ್ಲಿ ಬರೆದಿದ್ರು. ನಲವತ್ತು ವರ್ಷ ಅದಕ್ಕೆ ಯಾರೂ ಅಷ್ಟಾಗಿ ತಲೆ ಕೆಡಿಸ್ಕೊಳ್ಳಲಿಲ್ಲ.

ಸುದ್ದಿಯಲ್ಲಿ "ಕನಿಷ್ಠ ತೂಕ" ಅಂತ ಯಾಕೆ ಬರೀತಾರೆ?

ಜೋಕಾಲಿ ಆಡೋರನ್ನ ಎದುರಿಂದ ನೋಡಿದ್ರೆ ನಮ್ಮ ಹತ್ತಿರ ಬಂದು ದೂರ ಹೋಗೋದು ಗೊತ್ತಾಗತ್ತೆ, ಪಕ್ಕದಿಂದ ನೋಡಿದ್ರೆ ಹತ್ತಿರ-ದೂರ ಅನ್ನೋದೇ ಇರಲ್ಲ. ಸ್ಪೆಕ್ಟ್ರೋಗ್ರಾಫ್‌ಗೆ ಕಾಣೋದು ಆ ಹತ್ತಿರ-ದೂರ ಮಾತ್ರ. ಗ್ರಹದ ಕಕ್ಷೆ ನಮ್ಮ ಕಡೆ ಎಷ್ಟು ವಾಲಿದೆ ಅಂತ ಗೊತ್ತಿಲ್ಲದೇ ಇದ್ದಾಗ ಅಳೆದ ಓಲಾಟ ನಿಜವಾದದ್ದಕ್ಕಿಂತ ಕಮ್ಮಿ ಇರಬಹುದು, ಹಾಗಾಗಿ ಗ್ರಹ "ಕನಿಷ್ಠ ಇಷ್ಟು ಭಾರ" ಅಂತಷ್ಟೇ ಹೇಳಕ್ಕಾಗೋದು. ನಮಗೆ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿಯ ಗ್ರಹ 2016ರಲ್ಲಿ ಹೀಗೇ ಸಿಕ್ಕಿದ್ದು, 11.2 ದಿನಕ್ಕೊಂದು ಸುತ್ತು, ತೂಕ ಭೂಮಿಗಿಂತ ಸ್ವಲ್ಪ ಹೆಚ್ಚು, ಅದೂ ಕನಿಷ್ಠ ಲೆಕ್ಕ. ಅದರ ಗಾತ್ರ ಎಷ್ಟು, ನೀರಿದೆಯಾ ಅನ್ನೋದನ್ನ ಓಲಾಟ ಹೇಳಲ್ಲ.

ಓಲಾಟದಿಂದ ಸಿಕ್ಕ ಗ್ರಹ ನಕ್ಷತ್ರದ ಮುಂದೆ ಹಾದು ಹೋಗೋದೂ ಕಂಡುಬಿಟ್ರೆ ಹಬ್ಬ. ಮಂಕಾಗೋ ಪ್ರಮಾಣದಿಂದ ಗಾತ್ರ, ಓಲಾಟದಿಂದ ತೂಕ, ಎರಡೂ ಸೇರಿದ್ರೆ ಸಾಂದ್ರತೆ: ಕಲ್ಲಿನ ಗ್ರಹನಾ, ಅನಿಲದ್ದಾ ಅಂತ ತಿಳಿಯತ್ತೆ. ಭಾರತದ ಮೌಂಟ್ ಅಬು ವೀಕ್ಷಣಾಲಯದ ಪಾರಸ್ ಸ್ಪೆಕ್ಟ್ರೋಗ್ರಾಫ್ 2018ರಲ್ಲಿ ಮಾಡಿದ್ದೂ ಇದನ್ನೇ, ಭೂಮಿಯ ಸುಮಾರು 27 ಪಟ್ಟು ತೂಕ, 6 ಪಟ್ಟು ಅಗಲದ ಒಂದು ಗ್ರಹನ ತೂಗಿ ಹೇಳಿತು.

ಈಗ ತೊಂದರೆ ಯಂತ್ರದ್ದಲ್ಲ, ನಕ್ಷತ್ರದ್ದು

ಚಿಲಿಯ ಪರನಾಲ್‌ನಲ್ಲಿ 8.2 ಮೀಟರ್ ಟೆಲಿಸ್ಕೋಪ್‌ಗಳಿಗೆ ಜೋಡಿಸಿರೋ ಎಸ್ಪ್ರೆಸ್ಸೋ ಅನ್ನೋ ಸ್ಪೆಕ್ಟ್ರೋಗ್ರಾಫ್ 10 ಸೆಂಟಿಮೀಟರ್ ಗುರಿ ಇಟ್ಕೊಂಡೇ ಕಟ್ಟಿದ್ದು, ಹವಾಯಿಯ ಕೆಕ್ ವೀಕ್ಷಣಾಲಯದಲ್ಲಿ 2022ರಿಂದ ಕೆಪಿಎಫ್ ಅನ್ನೋ ಇನ್ನೊಂದು ಇದೆ. ಅಂದ್ರೆ ಆ 9 ಸೆಂಟಿಮೀಟರ್ ಹತ್ತಿರಕ್ಕೆ ಯಂತ್ರ ಬಂದಾಯ್ತು. ಆದ್ರೂ ಸೂರ್ಯನಂಥ ನಕ್ಷತ್ರನ ವರ್ಷಕ್ಕೊಂದು ಸಲ ಸುತ್ತೋ ಭೂಮಿಯಂಥ ಗ್ರಹ ಈ ದಾರೀಲಿ ಇನ್ನೂ ಸಿಕ್ಕಿಲ್ಲ.

ಯಾಕಂದ್ರೆ ನಕ್ಷತ್ರ ಅನ್ನೋದು ನಯವಾದ ಚೆಂಡಲ್ಲ, ಕುದಿಯೋ ಪಾತ್ರೆ. ಮೇಲ್ಮೈ ಪೂರ್ತಿ ಬಿಸಿ ಅನಿಲ ಗುಳ್ಳೆ ಗುಳ್ಳೆಯಾಗಿ ಮೇಲೆದ್ದು ಕೆಳಗಿಳೀತಿರತ್ತೆ. ಇಡೀ ನಕ್ಷತ್ರ ಗಂಟೆ ಹೊಡೆದ ಹಾಗೆ ನಡುಗ್ತಿರತ್ತೆ, ಸೂರ್ಯನಲ್ಲಿ ಆ ನಡುಕ ಸುಮಾರು ಐದು ನಿಮಿಷಕ್ಕೊಂದು. ಇದನ್ನ ತೊಳೆಯಕ್ಕೆ ಹತ್ತು ಹದಿನೈದು ನಿಮಿಷ ಕ್ಯಾಮೆರಾ ತೆರೆದಿಟ್ಟು ಸರಾಸರಿ ಮಾಡ್ತಾರೆ, ಅದು ಪರವಾಗಿಲ್ಲ. ಕಲೆಗಳದ್ದೇ ದೊಡ್ಡ ಕಾಟ. ನಕ್ಷತ್ರ ತಿರುಗುವಾಗ ಒಂದು ಅಂಚು ನಮ್ಮ ಕಡೆ ಬರತ್ತೆ, ಇನ್ನೊಂದು ಅಂಚು ದೂರ ಹೋಗತ್ತೆ, ಯಾವುದೋ ಒಂದು ಅಂಚಲ್ಲಿ ಕಪ್ಪು ಕಲೆ ಇದ್ರೆ ಆ ಕಡೆಯ ಬೆಳಕು ಕಮ್ಮಿಯಾಗಿ ಲೆಕ್ಕ ಇನ್ನೊಂದು ಕಡೆ ವಾಲತ್ತೆ, ಕಲೆ ಸುತ್ತು ಬಂದ ಹಾಗೆಲ್ಲ ಗ್ರಹ ಸುತ್ತಿದ ಹಾಗೇ ಕಾಣತ್ತೆ.

ಇದರಲ್ಲಿ ಘಟಾನುಘಟಿಗಳೂ ಎಡವಿದ್ದಾರೆ. ಬರೀ 6 ಬೆಳಕಿನ ವರ್ಷ ದೂರದ ಬರ್ನಾರ್ಡ್ ನಕ್ಷತ್ರಕ್ಕೆ 233 ದಿನದ ಗ್ರಹ ಇದೆ ಅಂತ 2018ರಲ್ಲಿ ಹೇಳಿದ್ರು, 2021ರಲ್ಲಿ ಅದು ನಕ್ಷತ್ರದ್ದೇ ಚಟುವಟಿಕೆ ಅಂತ ಇನ್ನೊಂದು ತಂಡ ತೋರಿಸಿತು. ಕಲೆ ಒಂದೇ ಅಲ್ಲ, ಅಳೆಯೋ ರಾತ್ರಿಗಳ ನಡುವಿನ ಬಿಡುವೂ ಮೋಸ ಮಾಡತ್ತೆ: 2012ರಲ್ಲಿ ಆಲ್ಫಾ ಸೆಂಟಾರಿ ಬಿ ನಕ್ಷತ್ರಕ್ಕೆ 3.2 ದಿನದಲ್ಲಿ ಸುತ್ತೋ ಗ್ರಹ ಇದೆ ಅಂತ ದೊಡ್ಡ ಸುದ್ದಿ ಆಯ್ತು, ಓಲಾಟ ಬರೀ ಅರ್ಧ ಮೀಟರ್. 2015ರಲ್ಲಿ ಬೇರೆಯವರು ಅದೇ ಡೇಟಾ ಕೆದಕಿದಾಗ, ಯಾವ ಯಾವ ರಾತ್ರಿ ಅಳೆದಿದ್ರೋ ಆ ದಿನಾಂಕಗಳ ಜೋಡಣೆಯಿಂದಲೇ ಹುಟ್ಟಿದ ಭ್ರಮೆ ಅಂತ ಗೊತ್ತಾಯ್ತು. ಬರ್ನಾರ್ಡ್‌ಗೆ ಮಾತ್ರ ಆಮೇಲೆ ಅದೃಷ್ಟ ಖುಲಾಯಿಸಿತು, 2024ರಲ್ಲಿ ಎಸ್ಪ್ರೆಸ್ಸೋ 3.15 ದಿನದ ಬೇರೆಯದೇ ಪುಟ್ಟ ಗ್ರಹ ಹಿಡೀತು, 2025ರಲ್ಲಿ ಹವಾಯಿಯ ಮರೂನ್-ಎಕ್ಸ್ ಅಳತೆಗಳೂ ಸೇರಿ ಒಟ್ಟು ನಾಲ್ಕಾದ್ವು, ನಾಲ್ಕೂ ಭೂಮಿಗಿಂತ ಹಗುರ.

ಹಗಲು ಹೊತ್ತಿನ ಕೆಲಸ

ನಕ್ಷತ್ರದ ಈ ಚೇಷ್ಟೆ ಅರ್ಥ ಮಾಡ್ಕೊಳ್ಳಕ್ಕೆ ಒಂದು ಸೊಗಸಾದ ಉಪಾಯ ಮಾಡಿದ್ದಾರೆ. ಸ್ಪೇನ್‌ಗೆ ಸೇರಿದ ಲಾ ಪಾಲ್ಮಾ ದ್ವೀಪದಲ್ಲಿ ಹಾರ್ಪ್ಸ್‌ನ ತಮ್ಮ ಹಾರ್ಪ್ಸ್-ಎನ್ ಇದೆ, ರಾತ್ರಿ ಪೂರ್ತಿ ನಕ್ಷತ್ರ ನೋಡತ್ತೆ, ಹಗಲು ಸುಮ್ಮನೆ ಬಿದ್ದಿರತ್ತೆ. 2015ರಿಂದ ಅದಕ್ಕೆ ಅಂಗೈಗಿಂತ ಚಿಕ್ಕ ಲೆನ್ಸಿನ ಒಂದು ಪುಟಾಣಿ ಟೆಲಿಸ್ಕೋಪ್ ಸಿಕ್ಕಿಸಿ ಹಗಲಲ್ಲಿ ಸೂರ್ಯನನ್ನ ನೋಡಿಸ್ತಿದ್ದಾರೆ. ಸೂರ್ಯನ ಬಿಂಬನ ಪೂರ್ತಿ ಕಲಸಿ ದೂರದ ನಕ್ಷತ್ರದ ಥರ ಒಂದೇ ಚುಕ್ಕಿ ಬೆಳಕು ಮಾಡಿ, ಐದೈದು ನಿಮಿಷಕ್ಕೊಂದು ಅಳತೆ. ಇಲ್ಲಿ ಗ್ರಹಗಳೆಲ್ಲ ಗೊತ್ತಿರೋವೇ, ಅವುಗಳ ಎಳೆತನ ಲೆಕ್ಕದಿಂದ ಕಳೆದುಬಿಟ್ರೆ ಉಳಿಯೋದೆಲ್ಲ ಸೂರ್ಯನ ಸ್ವಂತ ಗದ್ದಲ, ಯಾವ ಕಲೆ ಯಾವತ್ತು ಎಲ್ಲಿತ್ತು ಅಂತ ಬೇರೆ ಉಪಗ್ರಹಗಳ ಫೋಟೋ ಇಟ್ಟು ತಾಳೆ ನೋಡಬಹುದು. ಆ ಗದ್ದಲ ಮೀಟರ್ ಲೆಕ್ಕದಲ್ಲಿದೆ. ಅದರೊಳಗೆ ಒಂದು ಸುಳ್ಳು ಗ್ರಹದ ಓಲಾಟನ ಬೇಕಂತಲೇ ಬೆರೆಸಿ, ಸಾಫ್ಟ್‌ವೇರ್ ಅದನ್ನ ಹೆಕ್ಕಿ ತೆಗೆಯತ್ತಾ ಅಂತ ಪರೀಕ್ಷೆ ಮಾಡ್ತಿದ್ದಾರೆ.